ಗೃಹಾರೋಗ್ಯ: ಹಲ್ಲನ್ನು ಹಿಡಿದಿರುವ ನಾರುಗಳು

ಗೋಡೆಗೆ ಬಡಿದ ಮೊಳೆಯಂತೆ ಹಲ್ಲು ದವಡೆಯಲ್ಲಿ ನಾಟಿಕೊಂಡಿರುವದೆಂದು ಅನೇಕರು ತಿಳಿದಿರುವರು. ವಾಸ್ತವವು ಹಾಗಿಲ್ಲ. ಹಲ್ಲಿನ ಬೇರಿಗೂ ಅದು ಕುಳಿತ ಎಲುಬಿನ ಕುಳಿಗೂ ನಡುವೆ ಸುಮಾರು 0.2 ಮಿಲಿಮೀಟರಿನಷ್ಟು ತೆರವಿದ್ದು, ಅದರಲ್ಲಿ ಸೂಕ್ಷ್ಮವಾದ ನಾರುಗಳು ಒತ್ತಾಗಿ ತುಂಬಿರುವವು. ಇವುಗಳ ಒಂದು ತುದಿಯು ಬೇರಿನಲ್ಲಿಯೂ ಇನ್ನೊಂದು ಎಲುಬಿನಲ್ಲಿಯೂ ಹುದುಗಿರುವದು. ಹುದುಗಿದ ಈ ತುದಿಗಳನ್ನು 19ನೆಯ ಶತಮಾನದ ಶರೀರಶಾಸ್ತ್ರಜ್ಞ ವಿಲಿಯಂ ಶಾರ್ಪಿಯವರ ಹೆಸರಿನಿಂದ ಕರೆಯುವರು. ವಸಡಿನೊಳಗಿನ ಬೇರೆ ನಾರುಗಳು ಹಲ್ಲಿನ ಕೊರಳನ್ನು ಸುತ್ತುವರಿದು ವಸಡನ್ನು ಬಿಗಿಯಾಗಿ ಹಿಡಿದಿರುವವು.

ಅಥಣಿ ತಾಲೂಕಿನ ತೆಲಸಂಗದ ಕಡೆಯಲ್ಲಿ ಜೋಳದ ಕಟಕ ರೊಟ್ಟಿಯನ್ನು ಕಡಿಯುವಾಗ ಬೀಳುವ ಭಾರವನ್ನು ಮೊದಲು ತಾಳುವವು ಈ ನಾರುಗಳೇ. ರೊಟ್ಟಿಯಲ್ಲಿ ಸಣ್ಣ ಹರಳು ಸಿಕ್ಕೊಡನೆ ಬಾಯಿ ತಡೆಯುವದೂ ಇವುಗಳ ನಡುವಿನ ನರಗಳಿಂದಲೇ.

ಈ ನಾರುಗಳು ಸದಾ ಸವೆದು ಹೊಸದಾಗುತ್ತಿರುವವು. ಅದಕ್ಕೆ ಸಿ ಜೀವಸತ್ವವು ಬೇಕು. ಅದಿಲ್ಲದೆ ಹಿಂದಿನ ನಾವಿಕರ ವಸಡು ಕೊಳೆತು ಹಲ್ಲುಗಳು ಅಲುಗಾಡುತ್ತಿದ್ದವು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯರು 12 ಮಂದಿ ರೋಗಿಗಳಲ್ಲಿ ಪರೀಕ್ಷೆ ನಡೆಸಲು, ಕಿತ್ತಳೆ ನಿಂಬೆ ತಿಂದವರೇ ಬೇಗ ಗುಣಹೊಂದಿದರು. ನೆಲ್ಲಿಕಾಯಿ, ಪೇರಲ, ಲಿಂಬೆಗಳು ನಮ್ಮಲ್ಲಿ ಸುಲಭವಾಗಿ ದೊರೆಯುವವು.

ಆದರೆ ಇಂದು ವಸಡಿನಿಂದ ರಕ್ತ ಬರುವದಕ್ಕೆ ಹೆಚ್ಚಾಗಿ ಕಾರಣವು ಹಲ್ಲಿನ ಬುಡದಲ್ಲಿ ಕೂಡುವ ಜಿಗುಟಾದ ಹೊಲಸು. ಅದು ಗಟ್ಟಿಯಾಗಿ ಕಿಟ್ಟವಾಗುವದು. ವಸಡು ಮಾತ್ರ ಬಾತಿರುವಾಗ ಸ್ವಚ್ಛಮಾಡಿದರೆ ಮೊದಲಿನಂತಾಗುವದು. ಬೇರಿನ ನಾರುಗಳೂ ಎಲುಬೂ ಕರಗಿದ ಬಳಿಕ ಅವು ತಾವಾಗಿ ಮರಳಿ ಬರಲಾರವು. ಈ ನಾಶವು ಬಹುತರ ನೋವಿಲ್ಲದೆಯೇ ನಡೆಯುವದರಿಂದ, ಹುಳುಕಿಲ್ಲದ ಹಲ್ಲೂ ಸಡಿಲಾಗಿ ಉದುರುವದು.

ನಿಪ್ಪಾಣಿಯ ಸೀಮೆಯು ತಂಬಾಕಿಗೆ ಹೆಸರಾದದ್ದು. ಹುರಿದ ತಂಬಾಕಿನ ಪುಡಿಯಾದ ಮಿಶ್ರಿಯನ್ನು ಹಲ್ಲುನೋವಿಗೆ ಔಷಧವೆಂದು ತಿಕ್ಕಲಾರಂಭಿಸಿ, ಮುಂದೆ ಅದನ್ನು ಬಿಡಲಾರದ ಹೆಂಗಸರು ಈ ಭಾಗದಲ್ಲಿರುವರು. ಅದರಿಂದ ವಸಡು ಕೆಳಸರಿದು ಬೇರು ಬಯಲಾಗುವದು. ಬಾಯಿಯ ಅರ್ಬುದರೋಗದ ಭಯವೂ ಉಂಟು. ಬೀಡಿ ಸೇದುವವರಲ್ಲಿ ರಕ್ತವು ಕಡಿಮೆ ಒಸರುವದರಿಂದ ರೋಗವೇ ಮರೆಯಾಗಿರುವದು.

ಆದುದರಿಂದ ರಕ್ತ ಕಂಡಿತೆಂದು ಹಲ್ಲುಜ್ಜುವದನ್ನು ಬಿಡಬಾರದು; ಮೃದುವಾದ ಬ್ರಶ್ಶಿನಿಂದ ದಿನಕ್ಕೆರಡು ಸಲ ಮೆಲ್ಲಗೆ ಉಜ್ಜತಕ್ಕದ್ದು. ಗಟ್ಟಿಯಾದ ಕಿಟ್ಟವನ್ನು ದಂತವೈದ್ಯರೇ ತೆಗೆಯಬೇಕು. ತೆಗೆಸಿದರೆ ಹಲ್ಲು ಸಡಿಲಾಗುವದೆಂಬ ಅಂಜಿಕೆಯು ಮನೆಮನೆಯಲ್ಲಿಯೂ ಉಂಟು. ನಾರುಗಳನ್ನು ಮೊದಲೇ ಕಳೆದುಕೊಂಡ ಹಲ್ಲು ಕಿಟ್ಟದ ಆಸರೆಯಿಂದ ಗಟ್ಟಿಯಾಗಿ ತೋರುತ್ತಿರುವದಷ್ಟೇ. ಆ ಸುಳ್ಳು ಆಸರೆಯನ್ನು ಬೇಗ ತೆಗೆಸಿದಷ್ಟೂ ಉಳಿದ ನಾರುಗಳು ಉಳಿಯುವವು.