ಚಿನ್ನದ ಗಣಿಯೂ ಹಳ್ಳಿಯ ಶಾಲೆಯೂ
(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿ)

ದೊಡ್ಡ ಕೈಗಾರಿಕೆಯೊಂದು ಬಂದರೆ ಊರು ಉದ್ಧಾರವಾಗುತ್ತದೆ, ಊರಿನೊಡನೆ ಅಲ್ಲಿನ ಶಾಲೆಯೂ ಉದ್ಧಾರವಾಗುತ್ತದೆ ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ನರಸಾಪುರ, ವೇಮಗಲ್ಲುಗಳಲ್ಲಿ ಕಾರ್ಖಾನೆಗಳು ಎದ್ದು, ಚೆನ್ನೈಗೆ ಹೋಗುವ ಹೊಸ ಹೆದ್ದಾರಿ ನಮ್ಮ ಬಂಗಾರಪೇಟೆ ತಾಲ್ಲೂಕನ್ನು ಹಾದಿರುವ ಈ ದಿನಗಳಲ್ಲಂತೂ ಆ ಮಾತಿಗೆ ಮತ್ತೆ ಬಲ ಬಂದಿದೆ. ಅದು ನಿಜವೋ ಸುಳ್ಳೋ ಎಂದು ಊಹಿಸುತ್ತ ಕೂರುವ ಕಷ್ಟ ನಮಗಿಲ್ಲ. ನೂರಿಪ್ಪತ್ತು ವರ್ಷ ನಡೆದ ಪ್ರಯೋಗವೊಂದು ನಮ್ಮ ಪಕ್ಕದಲ್ಲೇ ಇದೆ.

1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಕೋಲಾರದ ಚಿನ್ನದ ಗಣಿಗೆ ಕೈಹಾಕಿದರು. 1894ರಲ್ಲಿ, ಆಗಿನ್ನೂ ಬೌರಿಂಗ್‌ಪೇಟೆಯಾಗಿದ್ದ ನಮ್ಮ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ರೈಲು ಬಂತು. ಬೇತಮಂಗಲದ ಕೆರೆಯಿಂದ ನೀರು ಬಂತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂತು. ಬೆಂಗಳೂರಿಗೆ ಅದು ಬಂದದ್ದು ಮೂರು ವರ್ಷ ತಡವಾಗಿ. ಸುತ್ತಲ ಹಳ್ಳಿಗಳಿಗೆ ದೀಪ ಬರಲು ಹಲವು ದಶಕಗಳೇ ಬೇಕಾದವು. ನೀರು, ಬೆಳಕು, ಆಳು ಎಲ್ಲವೂ ಗಣಿಯ ಕಡೆಗೆ ಹರಿದವು. ವಿದ್ಯೆ ಮಾತ್ರ ಗಣಿಯಿಂದ ಹಳ್ಳಿಯ ಕಡೆಗೆ ಹರಿಯಲಿಲ್ಲ.

ಶಾಲೆ ಇರಲಿಲ್ಲವೆಂದಲ್ಲ. 1901ರಲ್ಲೇ ಕಂಪೆನಿ ನಂದಿದುರ್ಗ ಗಣಿಯಲ್ಲಿ ಶಾಲೆ ತೆರೆಯಿತು; ಅದು ಐರೋಪ್ಯ ನೌಕರರ ಮಕ್ಕಳಿಗಾಗಿ. ಸುರಂಗಕ್ಕಿಳಿದು ದುಡಿದವರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟು, ಚಿತ್ತೂರುಗಳ ಕಡೆಯಿಂದ ಬಂದ ದಲಿತರು. ಅವರ ಮಕ್ಕಳ ಓದಿಗೆ ಮಿಷನ್ನಿನವರೂ ಆ ಸಮುದಾಯದ ಹಿರಿಯರೂ ಸರ್ಕಾರವೂ ಆಸರೆಯಾಗಬೇಕಾಯಿತು. ತಂದೆಯ ದರ್ಜೆ ಯಾವುದೋ ಮಗನ ಶಾಲೆಯೂ ಅದೇ ದರ್ಜೆಯದು. ಮಿಷನ್ ಶಾಲೆಗಳು ಲೈನುಗಳ ಎಷ್ಟೋ ಹುಡುಗರನ್ನು ಮೇಲೆತ್ತಿದವು, ಅದನ್ನು ಮರೆತರೆ ಕೃತಘ್ನತೆಯಾದೀತು. ಆದರೆ ಗಣಿಯ ಎಲ್ಲೆಯಾಚೆ?

ನನ್ನ ತಾತ ಗಣಿಯಲ್ಲಿ ಗುತ್ತಿಗೆ ಕೂಲಿಯಾಗಿದ್ದವರು. ಅಪ್ಪನ ಓದು ಏಳನೆಯ ತರಗತಿಗೆ ನಿಂತಿತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಾನು ಓದಿದ ಹಳ್ಳಿಶಾಲೆಯಲ್ಲಿ ಒಬ್ಬರೇ ಮೇಷ್ಟರು ಎರಡು ತರಗತಿಗಳನ್ನು ಒಂದೇ ಜಗುಲಿಯಲ್ಲಿ ನಡೆಸುತ್ತಿದ್ದರು. ಗಣಿಯ ಶಾಫ್ಟುಗಳ ಕಬ್ಬಿಣದ ಚೌಕಟ್ಟುಗಳು ಅಲ್ಲಿಂದ ಬಹಳ ದೂರವೇನಲ್ಲ. ದೀಪದ ಬುಡದಲ್ಲಿ ಕತ್ತಲೆಂಬ ಗಾದೆಗೆ ಅರ್ಥ ಹೇಳಿಸಿಕೊಳ್ಳುವ ಅಗತ್ಯ ನಮ್ಮ ಕಡೆಯ ಹುಡುಗರಿಗಿಲ್ಲ.

ಕಂಪೆನಿಯ ಕೆಲಸ ಚಿನ್ನ ತೆಗೆಯುವುದು, ಅಕ್ಷರ ಕಲಿಸುವುದು ಸರ್ಕಾರದ ಕೆಲಸ ಎಂದು ಕೆಲವರು ವಾದಿಸಬಹುದು. ಒಪ್ಪಿದೆ. ಆದರೆ ಆ ಕೆಲಸವನ್ನು ಸರ್ಕಾರದಿಂದ ಮಾಡಿಸುವವರು ಯಾರು? ತಿಳಿದವರು, ಅಧಿಕಾರಿಗಳನ್ನು ಕಂಡು ಮಾತನಾಡಬಲ್ಲವರು. ಅಂಥವರ ಮಕ್ಕಳಿಗೆಲ್ಲ ಬೇರೆ ಶಾಲೆ ಕಟ್ಟಿಕೊಟ್ಟ ಮೇಲೆ ಊರ ಶಾಲೆಯ ಸೂರು ಸೋರಿದರೆ ಕೇಳುವ ಬಾಯಿಯೇ ಉಳಿಯುವುದಿಲ್ಲ. ಕೈಗಾರಿಕೆ ನಮ್ಮ ಶಾಲೆಗಳಿಗೆ ಮಾಡಿದ ದೊಡ್ಡ ಹಾನಿ ಇದೇ ಎಂಬುದು ನನ್ನ ಅಭಿಪ್ರಾಯ.

ಗಣಿಯ ಒಳಗಿದ್ದವರಾದರೂ ಸುಖಪಟ್ಟರೇ? 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶಕ್ಕೆ ಬಂದವು, 1962ರಲ್ಲಿ ಕೇಂದ್ರದ ಕೈಗೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಹುಟ್ಟಿತು. 2001ರ ಫೆಬ್ರವರಿ 28ರಂದು ಎಲ್ಲ ನಿಂತಿತು. ಮೂರು ಸಾವಿರಕ್ಕೂ ಹೆಚ್ಚು ಮಂದಿಯ ಸಂಬಳ ಒಮ್ಮೆಗೇ ಹೋಯಿತು. ಆ ಮನೆಗಳಲ್ಲಿ ಮೊದಲು ತಪ್ಪಿದ್ದು ಮಕ್ಕಳ ಫೀಸೇ ಎಂದು ಲೈನುಗಳಲ್ಲಿ ಬೆಳೆದ ನನ್ನ ಸಹಪಾಠಿಗಳ ಮನೆಯವರು ಹೇಳುತ್ತಾರೆ. ಇಂದು ಅಲ್ಲಿನ ಸಾವಿರಾರು ಜನ ಮುಂಜಾನೆಯ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಮನೆ ಸೇರುತ್ತಾರೆ. ಮಕ್ಕಳ ಪಾಠ ವಿಚಾರಿಸಲು ಅವರಿಗೆ ಪುರುಸೊತ್ತೆಲ್ಲಿ?

ಹಾಗೆಂದು ಕಾರ್ಖಾನೆಗಳೇ ಬೇಡವೆನ್ನುವಷ್ಟು ಅವಿವೇಕಿ ನಾನಲ್ಲ. ನಾಳೆ ಪದವಿ ಹಿಡಿದು ನಾನೂ ಅವುಗಳ ಬಾಗಿಲಿಗೇ ಹೋಗಬೇಕಾದೀತು! ಈಗ ಕಾನೂನೂ ನಮ್ಮ ಪರವಾಗಿದೆ. 2013ರ ಕಂಪೆನಿ ಕಾಯಿದೆಯಂತೆ ದೊಡ್ಡ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ ಎರಡು ಪಾಲನ್ನು ಸಮಾಜಕ್ಕೆ ವಿನಿಯೋಗಿಸಬೇಕು. ತಾವಿರುವ ಸುತ್ತಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಗೋಡೆಗೆ ಬಣ್ಣ, ಮಕ್ಕಳಿಗೆ ಚೀಲ ಕೊಟ್ಟು, ಭಾವಚಿತ್ರ ತೆಗೆಸಿಕೊಂಡು ಹೋಗುವುದರಿಂದ ಲೆಕ್ಕ ಬಾರದ ಹುಡುಗನಿಗೆ ಲೆಕ್ಕ ಬರುವುದಿಲ್ಲ. ಸುತ್ತಿನ ಸರ್ಕಾರಿ ಶಾಲೆಗಳಲ್ಲಿ ಗಣಿತ, ಇಂಗ್ಲಿಷ್ ಕಲಿಸುವ ಉಪಾಧ್ಯಾಯರ ಸಂಬಳವನ್ನು ಹತ್ತು ವರ್ಷ ಹೊತ್ತರೆ ಬರುತ್ತದೆ. ಕಾರ್ಖಾನೆಯ ಅಧಿಕಾರಿಗಳು ತಮ್ಮ ಮಕ್ಕಳನ್ನೂ ಅಲ್ಲಿಗೇ ಕಳಿಸಲಿ. ಇದನ್ನೋದಿ ನಮ್ಮ ಗುರುಗಳು ನಕ್ಕಾರು, ನಗಲಿ.

ಗಣಿಗಾರಿಕೆಯಿಂದ ಬಾಧಿತವಾದ ಪ್ರದೇಶಗಳಿಗಾಗಿ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಇರಬೇಕೆಂಬ ಕಾನೂನು ಬಂದದ್ದು 2015ರಲ್ಲಿ, ನಮ್ಮ ಗಣಿ ಮುಚ್ಚಿ ಹದಿನಾಲ್ಕು ವರ್ಷಗಳಾದ ಮೇಲೆ. ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಸೈನೈಡ್ ಗುಡ್ಡಗಳ ಮಣ್ಣಿನಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾಪಕ್ಕೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಗಾಳಿ ಬೀಸಿದಾಗ ಆ ಗುಡ್ಡಗಳ ಧೂಳನ್ನು ಕುಡಿದವರು ಇಲ್ಲಿನ ಮಕ್ಕಳು. ಮೊದಲ ಲಾರಿ ಮಣ್ಣು ಹೊರಡುವುದಕ್ಕೆ ಮುಂಚೆಯೇ, ಕೆ.ಜಿ.ಎಫ್. ಮತ್ತು ಬಂಗಾರಪೇಟೆ ತಾಲ್ಲೂಕುಗಳ ಸರ್ಕಾರಿ ಶಾಲೆಗಳಿಗೆ ಸಲ್ಲುವ ಪಾಲು ಎಷ್ಟೆಂಬುದನ್ನು ಕರಾರಿನಲ್ಲಿ ಬರೆಸಿಕೊಳ್ಳಬೇಕು.