ರೇಬೀಸ್ ಲಸಿಕೆ ರಟ್ಟೆಗೆ ಹಾಕಿಸಿ, ಸೊಂಟಕ್ಕಲ್ಲ

"ನಾಯಿ ಕಚ್ಚಿದ್ರೆ ಹೊಕ್ಕುಳ ಸುತ್ತ 14 ಇಂಜೆಕ್ಷನ್ ಹಾಕ್ತಾರೆ." ಈ ಮಾತಿಗೆ ಹೆದರಿ ಆಸ್ಪತ್ರೆ ಬಿಟ್ಟು ನಾಟಿ ಮದ್ದಿಗೆ ಓಡುವವರು ಇಂದಿಗೂ ಇದ್ದಾರೆ. ಈ ಹಳೆಯ ಮಾತನ್ನು ಇನ್ನಾದರೂ ಹೂಳಬೇಕು ಎನ್ನುತ್ತೇವೆ ನಾವು.

ಹೊಟ್ಟೆಗೆ ಹಾಕುತ್ತಿದ್ದುದು ಕುರಿ ಮಿದುಳಿನಿಂದ ತಯಾರಿಸಿದ ಲಸಿಕೆ. ನಮ್ಮ ದೇಶ ಅದನ್ನು ಕೈಬಿಟ್ಟು 20 ವರ್ಷವಾಯಿತು. ಈಗಿನ ಲಸಿಕೆ ರಟ್ಟೆಗೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಎರಡೂ ರಟ್ಟೆಯ ಚರ್ಮದೊಳಗೆ 0.1 ಎಂ.ಎಲ್.ನಂತೆ, ಮೊದಲ ದಿನ, ಆಮೇಲೆ 3, 7, 28ನೇ ದಿನ ಹಾಕುತ್ತಾರೆ. ಸಣ್ಣ ಗುಳ್ಳೆ ಏಳುತ್ತದೆ. "ಇಷ್ಟೇನಾ ಔಷಧಿ?" ಎಂದು ಅನುಮಾನ ಪಡಬೇಡಿ, ಅಷ್ಟೇ ಸಾಕು. ಮಾಂಸಖಂಡಕ್ಕೆ ಹಾಕುವುದಾದರೆ ಒಂದೇ ರಟ್ಟೆಗೆ, 14ನೇ ದಿನವೂ ಸೇರಿ ಐದು ಸಲ. ಎರಡು ವರ್ಷದೊಳಗಿನ ಮಕ್ಕಳಿಗಾದರೆ ತೊಡೆಯ ಮುಂಭಾಗದ ಹೊರಬದಿಗೆ.

ನಮ್ಮ ದೊಡ್ಡ ತಕರಾರು ಸೊಂಟದ ಸೂಜಿಯ ಮೇಲೆ. ಜ್ವರಕ್ಕೂ ಸೊಂಟ, ಮೈಕೈ ನೋವಿಗೂ ಸೊಂಟ ಎಂಬ ರೂಢಿ ನಮ್ಮದು. ಕೇಳುವವರು ಕೇಳುತ್ತಾರೆ, ಚುಚ್ಚುವವರು ಚುಚ್ಚುತ್ತಾರೆ. ಆದರೆ ಅಲ್ಲಿ ಕೊಬ್ಬು ಜಾಸ್ತಿ. ಲಸಿಕೆ ಕೊಬ್ಬಿನಲ್ಲೇ ಉಳಿದರೆ ಮೈಗೆ ಬೇಕಾದಷ್ಟು ರಕ್ಷಣೆ ಬರುವುದಿಲ್ಲ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಔಷಧಿಯೇ ಇಲ್ಲ. ಇಂಥ ರೋಗದ ಮುಂದೆ ರೂಢಿಯ ಮಾತು ಬೇಡ. ಈಗಾಗಲೇ ಸೊಂಟಕ್ಕೆ ಹಾಕಿಸಿಕೊಂಡಿದ್ದರೆ ಸುಮ್ಮನಿರದೆ ವೈದ್ಯರಿಗೆ ಹೇಳಿ. ಆ ಡೋಸ್ ಲೆಕ್ಕಕ್ಕಿಲ್ಲ, ಮತ್ತೆ ಹಾಕಿಸಿಕೊಳ್ಳಬೇಕಾಗುತ್ತದೆ.

ರವಿಕೆ ತೋಳು ಬಿಗಿ ಎಂದು ಹೆಣ್ಣುಮಕ್ಕಳು ಸಂಕೋಚಪಡುವುದುಂಟು. ಸಡಿಲ ತೋಳಿನದು ಹಾಕಿಕೊಂಡು ಹೋಗಿ. ಸಂಕೋಚಕ್ಕೆ ಜೀವ ಒತ್ತೆ ಇಡಬೇಡಿ.

ಇನ್ನು ಗಾಯದ ವಿಷಯ. ಅರಿಶಿನ, ಸುಣ್ಣ, ಖಾರದಪುಡಿ ಯಾವುದನ್ನೂ ಮೆತ್ತಬೇಡಿ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ, ಅಂದೇ ಆಸ್ಪತ್ರೆಗೆ ಹೋಗಿ. ರಕ್ತ ಬರುವಂತೆ ಕಚ್ಚಿದ್ದರೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು. ಅದನ್ನು ಗಾಯದ ಒಳಗೆ, ಸುತ್ತ ಹಾಕುತ್ತಾರೆ. ನೋವಾಗುತ್ತದೆಂದು ಬೇಡ ಅನ್ನಬೇಡಿ.

ಆರೋಗ್ಯ ಇಲಾಖೆಗೂ ನಮ್ಮದೊಂದು ಮಾತಿದೆ. ಕುಟುಂಬ ಯೋಜನೆಗೆ ಗೋಡೆ ತುಂಬಾ ಬರೆಸಿದವರು ನೀವು. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಒಂದು ರಟ್ಟೆಯ ಚಿತ್ರ, ನಾಲ್ಕು ತಾರೀಖಿನ ಲೆಕ್ಕ ಬರೆಸಲು ಎಷ್ಟು ಬಣ್ಣ ಬೇಕು? ಅದು ಬರುವವರೆಗೆ ನೀವೇ ಬಾಯಿಬಿಟ್ಟು ಹೇಳಿ: "ಸಿಸ್ಟರ್, ರಟ್ಟೆಗೇ ಹಾಕಿ."