ಶಿಲಾಶಾಸನವೆಂಬ ನುಡಿ

ಶಹಾಬಾದದ ಹಾಸುಗಲ್ಲಿನ ಮೇಲೆ ನಡೆದು ಬೆಳೆದ ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿ ಸೀಮೆಯ ಜನರಿಗೆ ಕಲ್ಲು ಹೊಸತಲ್ಲ. ‘ಅವನ ಮಾತೆಂದರೆ ಶಿಲಾಶಾಸನ’ ಎಂಬ ನುಡಿಯೂ ಹೊಸತಲ್ಲ. ಬದಲಿಸಲಾಗದ ಆಜ್ಞೆಯೆಂಬುದೇ ಇದಕ್ಕೆ ಈಗ ರೂಢವಾಗಿರುವ ಅರ್ಥ. ಹಟಮಾರಿಯ ಮಾತಿಗೂ ಈ ಬಿರುದು ಸಲ್ಲುತ್ತಿರುವುದು ಉಚಿತವಲ್ಲ. ಶಾಸನಪದವು ‘ಶಾಸ್’ ಧಾತುವಿನಿಂದ ಹುಟ್ಟಿದುದು. ಆ ಧಾತುವಿಗೆ ಆಳುವುದೆಂಬಂತೆ ಬೋಧಿಸುವುದೆಂಬ ಅರ್ಥವೂ ಉಂಟು. ಶಾಸ್ತ್ರ, ಶಿಷ್ಯ ಎಂಬ ಪದಗಳೂ ಅದೇ ಧಾತುವಿನ ಸಂತಾನ.

ಈ ಮಾತಿಗೆ ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿಯೇ ಸಾಕ್ಷಿಯಿದೆ. 1986ರಲ್ಲಿ ಚಂದ್ರಲಾಂಬಾ ದೇಗುಲದ ಆವರಣದಲ್ಲಿರುವ ಕಾಳಿಯ ಗುಡಿಯ ಮಾಳಿಗೆ ಕುಸಿದ ಬಳಿಕ, ದೇವಿಯ ಪೀಠವಾಗಿದ್ದ ಚಪ್ಪಡಿಯಲ್ಲಿ ಬ್ರಾಹ್ಮೀಲಿಪಿಯ, ಪ್ರಾಕೃತಭಾಷೆಯ ಅಶೋಕಶಾಸನಗಳು ಕಂಡುಬಂದವು. ವಿಗ್ರಹವನ್ನು ನಿಲ್ಲಿಸಲು ನಡುವೆ ಕೊರೆದ ಕುಳಿಗೆ ಎಷ್ಟೋ ಅಕ್ಷರಗಳು ಬಲಿಯಾಗಿದ್ದವು. ಶಿಲೆಯ ಶಾಶ್ವತತೆ ಅಷ್ಟೇ! ಅಲ್ಲಿ ಅಂಶತಃ ಉಳಿದಿರುವ 12ನೆಯ ಶಾಸನವು ಪರಮತವನ್ನು ಹಳಿಯದೆ ನಾಲಗೆಯನ್ನು ಹಿಡಿತದಲ್ಲಿಡಬೇಕೆಂದು ಬೋಧಿಸುವಂಥದು. ಆಜ್ಞೆಗಿಂತ ಹಿತವಚನಕ್ಕೇ ಅದು ಹತ್ತಿರ. 14ನೆಯದಂತೂ, ಲಿಪಿಕಾರನ ತಪ್ಪಿನಿಂದ ಬರೆಹದಲ್ಲಿ ಕೊರತೆ ಉಳಿದಿರಬಹುದೆಂದು ಚಕ್ರವರ್ತಿಯ ಹೆಸರಿನಲ್ಲಿಯೇ, ಕಲ್ಲಿನ ಮೇಲೆಯೇ ಒಪ್ಪಿಕೊಳ್ಳುತ್ತದೆ.